ಮರದ ಬಾಚಣಿಗೆ, ಕೊಬ್ಬರಿ ಎಣ್ಣೆ, ಸ್ಯಾಟಿನ್ ದಿಂಬಿನ ಕವರ್: ಹತ್ತು ತಿಂಗಳು ಬಳಸಿದ ಮೇಲೆ

ನನ್ನದು ಗುಂಗುರು ಕೂದಲು. ಭುಜದಿಂದ ನಾಲ್ಕು ಬೆರಳು ಕೆಳಗೆ ಬಂದು ಅಲ್ಲೇ ನಿಂತು ಆರು ವರ್ಷ ಆಗಿತ್ತು. ಈ ಆರು ವರ್ಷದಲ್ಲಿ ನಾನು ಹಚ್ಚದ ಎಣ್ಣೆ ಇಲ್ಲ. ಸೀರಮ್ ಹಚ್ಚಿದೆ, ಬಯೋಟಿನ್ ಮಾತ್ರೆ ನುಂಗಿದೆ, ಈರುಳ್ಳಿ ರಸವನ್ನೂ ಬಿಡಲಿಲ್ಲ. (ಆ ವಾರ ಪೂರ್ತಿ ಮಂಡ್ಯ ರೈಲಿನಲ್ಲಿ ನನ್ನ ಪಕ್ಕದ ಸೀಟು ಖಾಲಿ.) ಕೂದಲು ಮಾತ್ರ ಇದ್ದಲ್ಲೇ ಇತ್ತು.

ಈ ಜನವರಿಯಿಂದ ಅದನ್ನೆಲ್ಲ ಬಿಟ್ಟು ನಾಲ್ಕೇ ಸಾಮಾನು ಇಟ್ಟುಕೊಂಡೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕೊಂಡ ಬೇವಿನ ಮರದ ಬಾಚಣಿಗೆ, 150 ರೂಪಾಯಿ. ಗಾಣದ ಕೊಬ್ಬರಿ ಎಣ್ಣೆ. ಟೈಲರ್ ಹತ್ತಿರ ಹೊಲಿಸಿದ ಸ್ಯಾಟಿನ್ ದಿಂಬಿನ ಕವರ್. ಆನ್‌ಲೈನ್‌ನಲ್ಲಿ ತರಿಸಿದ ಒಂದು ಲೀವ್-ಇನ್ ಕ್ರೀಮ್, ಅಂದರೆ ಸ್ನಾನ ಆದಮೇಲೆ ಹಚ್ಚಿ ತೊಳೆಯದೆ ಹಾಗೇ ಬಿಡುವಂಥದ್ದು. ಹತ್ತು ತಿಂಗಳ ಲೆಕ್ಕ ಇದು: ನೆತ್ತಿಯ ಹಿಂದಿನ ಒಂದು ಎಳೆಯನ್ನು ನೆಟ್ಟಗೆ ಎಳೆದು ಟೇಪಿನಲ್ಲಿ ಅಳೆದರೆ ಜನವರಿಯಲ್ಲಿ 15 ಇಂಚು ಇತ್ತು, ಈಗ 18ಕ್ಕಿಂತ ಒಂಚೂರು ಜಾಸ್ತಿ. ನಡುವೆ ಜೂನ್‌ನಲ್ಲಿ ಒಂದು ಇಂಚು ತುದಿ ಕತ್ತರಿಸಿದ್ದೂ ಇದೆ.

ಪವಾಡ ಏನಲ್ಲ. ಹೆಚ್ಚಿನವರ ತಲೆಯಲ್ಲಿ ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಹತ್ತು ತಿಂಗಳಿಗೆ ಐದು ಇಂಚು. ನನಗೆ ನಾಲ್ಕು ಚಿಲ್ಲರೆ ಉಳಿಯಿತು ಅಷ್ಟೇ. ಹಾಗಾದರೆ ಹಿಂದಿನ ಆರು ವರ್ಷದ ಬೆಳೆ ಎಲ್ಲಿ ಹೋಯಿತು ಅನ್ನುವುದು ಪ್ರಶ್ನೆ.

ಅದಕ್ಕೆ ಉತ್ತರ ಸಿಕ್ಕಿದ್ದು ಕಳೆದ ಡಿಸೆಂಬರ್‌ನ ಒಂದು ಭಾನುವಾರ, ಸರಸ್ವತಿಪುರಂನ ನಮ್ಮ ಮನೆ ತಾರಸಿಯಲ್ಲಿ. ತಲೆಗೆ ಸ್ನಾನ ಮಾಡಿ ಬಿಸಿಲಿಗೆ ಕೂತು ಬಾಚುತ್ತಿದ್ದೆ. ತೊಡೆ ಮೇಲೆ ಅಪ್ಪನ ಬಿಳಿ ಪಂಚೆ ಇತ್ತು. ಬಿದ್ದ ಕೂದಲನ್ನು ಸುಮ್ನೆ ಒಂದೊಂದೇ ಎತ್ತಿ ನೋಡಿದೆ. ಕೆಲವು ಉದ್ದದವು, ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ. ಅವು ಬುಡಸಮೇತ ತಾವಾಗಿ ಉದುರಿದವು. ದಿನಕ್ಕೆ 50ರಿಂದ 100 ಹಾಗೆ ಉದುರುವುದು ಎಲ್ಲರಿಗೂ ಇದ್ದದ್ದೇ. ಆದರೆ ಪಂಚೆ ತುಂಬ ಇದ್ದದ್ದು ಒಂದಿಂಚು, ಎರಡಿಂಚಿನ ತುಂಡುಗಳು. ಚುಕ್ಕೆ ಇಲ್ಲ, ಎರಡೂ ಕಡೆ ಮೊಂಡು. ಅವು ಉದುರಿದ್ದಲ್ಲ, ಮುರಿದದ್ದು. ಬುಡದಲ್ಲಿ ಅರ್ಧ ಇಂಚು ಬರುತ್ತಿತ್ತು, ತುದಿಯಲ್ಲಿ ಅರ್ಧ ಇಂಚು ನಾನೇ ಮುರಿದು ಹಾಕುತ್ತಿದ್ದೆ. ನೀವೂ ಒಮ್ಮೆ ಬಿಳಿ ಬಟ್ಟೆ ಹಾಸಿಕೊಂಡು ಬಾಚಿ ನೋಡಿ. ಚುಕ್ಕೆ ಇರುವ ಕೂದಲೇ ಕಂತೆಗಟ್ಟಲೆ ಬೀಳುತ್ತಿದ್ದರೆ ನಾನು ಬರೆಯುವುದು ನಿಮಗಲ್ಲ, ರಕ್ತ ಪರೀಕ್ಷೆ ಮಾಡಿಸಿ, ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ಮುರಿಯದಂತೆ ನೋಡಿಕೊಳ್ಳುವ ಈ ದಾರಿ ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಕಪ್ಪು ಹೆಣ್ಣುಮಕ್ಕಳು ಕೂದಲು ನೆಟ್ಟಗೆ ಮಾಡುವ ಕೆಮಿಕಲ್ ಬಿಟ್ಟು ತಮ್ಮ ಹುಟ್ಟುಗೂದಲನ್ನೇ ಉದ್ದ ಬಿಡಲು ಹೊರಟಾಗ ತಮ್ಮತಮ್ಮಲ್ಲೇ ಕಲಿತು ಹಂಚಿಕೊಂಡದ್ದು. ಅವರು ಅದನ್ನು ಲೋ ಮ್ಯಾನಿಪ್ಯುಲೇಷನ್ ಅನ್ನುತ್ತಾರೆ. ಕೂದಲನ್ನು ಆದಷ್ಟು ಮುಟ್ಟಬೇಡ, ಒಣಗಲು ಬಿಡಬೇಡ, ತುದಿಯನ್ನು ಜಡೆಯೊಳಗೆ ಮಡಚಿ ಕಾಪಾಡು, ಇಷ್ಟೇ. ಅವರ ಕೂದಲಿನ ಸುರುಳಿ ನಮ್ಮದಕ್ಕಿಂತ ತುಂಬಾ ಬಿಗಿ, ಸ್ಪ್ರಿಂಗ್ ಥರ. ಹಾಗಾಗಿ ಅವರದ್ದೆಲ್ಲ ನಮಗೆ ಆಗುವುದಿಲ್ಲ. ಅದನ್ನು ನಾನು ಕಷ್ಟಪಟ್ಟೇ ಕಲಿತೆ, ಮುಂದೆ ಹೇಳುತ್ತೇನೆ.

ಮೊದಲು ಬಾಚಣಿಗೆ, ಯಾಕೆಂದರೆ ನಾಲ್ಕರಲ್ಲಿ ಪೂರ್ತಿ ದುಡ್ಡು ವಸೂಲಾದದ್ದು ಇದೊಂದೇ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲು ದಾಟಿ, ಕುಂಕುಮ ಅರಿಶಿನ ಗೋಪುರ ಮಾಡಿಟ್ಟವರ ಹತ್ತಿರ ಒಬ್ಬರು ಮರದ ಸಾಮಾನು ಹರಡಿಕೊಂಡು ಕೂತಿದ್ದರು. ಹಲ್ಲು ಅಗಲ ಇರುವುದು ಬೇಕು ಅಂದೆ. ಎರಡು ಹಲ್ಲಿನ ನಡುವೆ ಕಿರುಬೆರಳಿನ ತುದಿ ಹೋಗಬೇಕು, ಅದು ನನ್ನ ಅಳತೆ. ಅವರು ಕೊಟ್ಟ ಮೊದಲನೆಯದನ್ನು ನನ್ನ ನೈಲಾನ್ ದುಪಟ್ಟಾ ಮೇಲೆ ಎಳೆದೆ, ನೂಲು ಕಿತ್ತು ಬಂತು. "ಅಯ್ಯೋ ಮೇಡಂ, ದುಪಟ್ಟಾ ಬಾಚಕ್ಕೆ ಯಾರು ತಗೋತಾರೆ?" ಅಂದರು. ಆದರೂ ಬೇಜಾರು ಮಾಡಿಕೊಳ್ಳದೆ ಇನ್ನೂ ಮೂರು ತೆಗೆದುಕೊಟ್ಟರು. ಮೂರನೆಯದು ಜಾರಿಕೊಂಡು ಹೋಯಿತು, ಅದನ್ನೇ ತಂದೆ. ನೂಲು ಸಿಕ್ಕಿಕೊಳ್ಳುವ ಕಡೆ ಕೂದಲೂ ಸಿಕ್ಕಿಕೊಳ್ಳುತ್ತದೆ. ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಅಚ್ಚಿನ ಎರಡು ಹೋಳು ಸೇರುವ ಕಡೆ ಹಲ್ಲಿನ ಉದ್ದಕ್ಕೂ ಒಂದು ಗೆರೆ ಇರುತ್ತದೆ. ಆ ಗೆರೆ ಬ್ಲೇಡಿನ ಥರ ಕೂದಲನ್ನು ಕೆರೆಯುತ್ತದೆ. ಹಾಗಾಗಿ ಮರವೇ ಆಗಬೇಕು ಅಂತಿಲ್ಲ, ನುಣುಪಾಗಿದ್ದರೆ ಸಾಕು. ಬೇವಿನ ಮರ ಹೊಟ್ಟು ಕಡಿಮೆ ಮಾಡುತ್ತದೆ ಅನ್ನುವುದನ್ನೆಲ್ಲ ನಾನು ನಂಬುವುದಿಲ್ಲ, ನನಗೆ ಕಡಿಮೆ ಆಗಲೂ ಇಲ್ಲ.

ತಂದ ಬಾಚಣಿಗೆಗಿಂತ ಬಾಚುವ ರೀತಿ ಬದಲಾದದ್ದು ದೊಡ್ಡದು. ಮೊದಲು ದಿನಕ್ಕೆ ಎರಡು ಸಲ ಒಣ ಕೂದಲನ್ನು ನೆತ್ತಿಯಿಂದ ಕೆಳಕ್ಕೆ ಬರ್ರನೆ ಎಳೆಯುತ್ತಿದ್ದೆ, ಸಿಕ್ಕೆಲ್ಲ ಕೆಳಗೆ ಹೋಗಿ ಗಂಟಾಗಿ, ಆ ಗಂಟನ್ನು ಟಪ್ ಅಂತ ಕಿತ್ತು, ಆಫೀಸಿಗೆ ಲೇಟಾಯಿತು ಅಂತ ರಬ್ಬರ್ ಬ್ಯಾಂಡ್ ಬಿಗಿದು ಓಡುತ್ತಿದ್ದೆ. ಈಗ ಬಾಚುವುದು ವಾರಕ್ಕೆ ಎರಡೇ ಸಲ, ತಲೆಗೆ ಸ್ನಾನ ಮಾಡುವಾಗ, ಕಂಡೀಷನರ್ ಹಚ್ಚಿದ ಒದ್ದೆ ಕೂದಲಿನಲ್ಲಿ. ನಾಲ್ಕು ಭಾಗ ಮಾಡಿ, ತುದಿಯಿಂದ ಶುರು ಮಾಡಿ, ಎರಡು ಬೆರಳಿನಷ್ಟು ಬಿಡಿಸಿ, ಇನ್ನೊಂಚೂರು ಮೇಲೆ ಹೋಗಿ, ಹಾಗೇ ಬುಡದ ತನಕ. ಮೊದಮೊದಲು ಇಪ್ಪತ್ತೈದು ನಿಮಿಷ ಹಿಡಿಯಿತು, ಈಗ ಹತ್ತು ಸಾಕು. ನೆಟ್ಟಗಿನ ಕೂದಲಿನವರು ಇದನ್ನು ಕಾಪಿ ಹೊಡೆಯಬೇಡಿ. ನೀರು ಕುಡಿದ ಕೂದಲು ಉಬ್ಬಿ ಮೆತ್ತಗಾಗಿರುತ್ತದೆ, ಎಳೆದರೆ ಬೇಗ ತುಂಡಾಗುತ್ತದೆ, ನಿಮ್ಮದು ಅರ್ಧ ಒಣಗಿದ ಮೇಲೆ ಬಾಚುವುದೇ ಸರಿ. ಗುಂಗುರಿನವರಿಗೆ ಒಣಗಿದ ಸಿಕ್ಕು ಅದಕ್ಕಿಂತ ಕೆಟ್ಟದ್ದು, ಅದಕ್ಕೇ ಒದ್ದೆಯಲ್ಲಿ ಬಿಡಿಸುವುದು.

ಒಂದು ತಪ್ಪು ಮಾಡಿದೆ. ಬಾಚಣಿಗೆಯನ್ನು ಬಚ್ಚಲಿನ ಮಗ್‌ನಲ್ಲೇ ಬಿಟ್ಟು ಊರಿಗೆ ಹೋದೆ. ನಾಲ್ಕು ದಿನ ನೀರಲ್ಲಿ ನೆನೆದು ಊದಿಕೊಂಡು ಎರಡು ಹಲ್ಲು ಸೀಳಿತು. ಮತ್ತೆ 150. ಮರದ್ದನ್ನು ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಸವರಿ ಹೊರಗಿಡಬೇಕು.

ಎಣ್ಣೆ ವಿಷಯಕ್ಕೆ ಬಂದರೆ ಮನೆಯಲ್ಲಿ ಜಗಳವೇ ಆಗಿದೆ. ನಮ್ಮಜ್ಜಿ ಮದ್ದೂರು ಕಡೆಯವರು. ಎಣ್ಣೆ ಅಂದರೆ ಅವರಿಗೆ ನೆತ್ತಿಯಿಂದ ಹಣೆಗೆ ಇಳಿಯಬೇಕು. "ಎಣ್ಣೆ ಕಾಣ್ದ ತಲೆ, ನೀರು ಕಾಣ್ದ ಗದ್ದೆ ಎರಡೂ ಒಂದೇಯ ಮಗ" ಅನ್ನುತ್ತಾರೆ. ಕೂದಲಿಗೆ ಸಂಬಂಧಪಟ್ಟ ಹಾಗೆ ಅವರ ಮಾತು ಅರ್ಧ ಸರಿ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿಯುತ್ತದೆ. ಅದರಲ್ಲಿ ಜಾಸ್ತಿ ಇರುವ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ತೆಗೆಯುವ ಮಿನರಲ್ ಆಯಿಲ್ ಮೂರನ್ನೂ ಹಚ್ಚಿ ನೋಡಿದ್ದರು, ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅದಕ್ಕೇ ನಾನು ಸ್ನಾನಕ್ಕೆ ಒಂದು ಗಂಟೆ ಮುಂಚೆ ಎರಡು ಚಮಚ, ತುದಿಗೆ ಜಾಸ್ತಿ, ನೆತ್ತಿಗೆ ಸ್ವಲ್ಪ, ಹಚ್ಚುತ್ತೇನೆ.

ಅಜ್ಜಿ ಮಾತಿನ ಇನ್ನರ್ಧ ನನಗೆ ಒಗ್ಗಲಿಲ್ಲ. ವಾರಗಟ್ಟಲೆ ನೆತ್ತಿಯಲ್ಲಿ ಎಣ್ಣೆ ಬಿಟ್ಟರೆ ಹೊಟ್ಟು ಹೆಚ್ಚಾಗುತ್ತದೆ, ಯಾಕೆಂದರೆ ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಊಟವೇ ಜಿಡ್ಡು. ಫೆಬ್ರವರಿಯಲ್ಲಿ ನಾನು ಅಮೆರಿಕದವರನ್ನು ನೋಡಿ ಹತ್ತು ದಿನಕ್ಕೊಮ್ಮೆ ಮಾತ್ರ ತಲೆಗೆ ನೀರು, ನಡುವೆ ಎಣ್ಣೆ, ಮೇಲೆ ಶಿಯಾ ಬೆಣ್ಣೆ ಅಂತ ಶುರು ಮಾಡಿದೆ. ಅದು ಪಶ್ಚಿಮ ಆಫ್ರಿಕಾದ ಮರದ ಬೀಜದ ಬೆಣ್ಣೆ, ಅವರ ಕೂದಲಿಗೆ ಹೇಳಿ ಮಾಡಿಸಿದ್ದು. ನನ್ನ ತಲೆಯಲ್ಲಿ ಅದು ವನಸ್ಪತಿ ಮೆತ್ತಿದ ಹಾಗೆ ಕೂತಿತು, ಮೂರನೇ ವಾರ ಕಪ್ಪು ಚೂಡಿದಾರ್ ಹಾಕುವ ಹಾಗಿರಲಿಲ್ಲ. ಕೊನೆಗೆ ಆ ಶಿಲೀಂಧ್ರ ತಡೆಯುವ ಕೀಟೊಕೊನಜೋಲ್ ಶಾಂಪೂ ತಂದು ಸರಿ ಮಾಡಿಕೊಂಡೆ. ಬೆವರುವ ನೆತ್ತಿ, ರೈಲಿನ ಧೂಳು, ನಮಗೆ ವಾರಕ್ಕೆ ಎರಡು ಸಲ ತಲೆ ಸ್ನಾನ ಬೇಕೇ ಬೇಕು.

ಇನ್ನು ಗಾಣದ ಎಣ್ಣೆಯೇ ಆಗಬೇಕಾ? ವಾಸನೆ ಚೆನ್ನಾಗಿದೆ, ಅಷ್ಟೇ. ಅಂಗಡಿಯ ಮಾಮೂಲಿ ಕೊಬ್ಬರಿ ಎಣ್ಣೆಯಲ್ಲೂ ಲಾರಿಕ್ ಆಮ್ಲ ಇರುತ್ತದೆ. ಈಗಿನ ರೇಟಿನಲ್ಲಿ ಗಾಣದ್ದನ್ನು ತಲೆಗೆ ಹಚ್ಚುವುದಾ, ಲಾಕರ್‌ನಲ್ಲಿ ಇಡುವುದಾ ಅನ್ನಿಸುತ್ತದೆ. ಆದರೆ ಬಣ್ಣದ ಘಮಘಮ ಎಣ್ಣೆ ಕೊಳ್ಳುವ ಮುಂಚೆ ಬಾಟಲಿ ತಿರುಗಿಸಿ ಓದಿ. ಮೊದಲ ಹೆಸರು ಲಿಕ್ವಿಡ್ ಪ್ಯಾರಾಫಿನ್ ಅಂತಿದ್ದರೆ ಅದು ಮಿನರಲ್ ಆಯಿಲ್. ಮೇಲೆ ಹೊಳಪು ಕೊಡುತ್ತದೆ, ಒಳಗಿಳಿಯುವುದಿಲ್ಲ.

ಅಜ್ಜಿಯದೇ ಇನ್ನೊಂದು ಅಭ್ಯಾಸ ಬಿಡಿಸಿಕೊಳ್ಳುವುದು ಎಣ್ಣೆಗಿಂತ ಕಷ್ಟ ಆಯಿತು. ತಲೆ ಸ್ನಾನ ಆದಮೇಲೆ ಮುಂದಕ್ಕೆ ಬಗ್ಗಿ ಕೂದಲನ್ನೆಲ್ಲ ಮುಖದ ಮೇಲೆ ಇಳಿಬಿಟ್ಟು, ಟವೆಲ್ ಹುರಿ ಮಾಡಿ ಪಟಪಟ ಪಟಪಟ ಅಂತ ಬಡಿಯುವುದು. ನಮ್ಮ ಮನೆಯಲ್ಲಿ ಮೂರು ತಲೆಮಾರು ಹೀಗೇ ಒಣಗಿಸಿದ್ದು. ನೀರಿನ ಹನಿ ಕಿಟಕಿ ಗಾಜಿಗೆಲ್ಲ ಹಾರುತ್ತಿತ್ತು, ನೋಡಲು ಚೆಂದ. ಆದರೆ ಕೂದಲು ಅತೀ ಸೂಕ್ಷ್ಮವಾಗಿರುವ ಹೊತ್ತಿನಲ್ಲಿ ಕೊಡುವ ಏಟು ಅದು. ಈಗ ಹಳೇ ಕಾಟನ್ ಟೀ ಶರ್ಟಿನಲ್ಲಿ ಕೂದಲನ್ನು ಮುದ್ದೆ ಮಾಡಿ ಹಿಂಡದೆ ಒತ್ತುತ್ತೇನೆ, ನೀರು ತೊಟ್ಟಿಕ್ಕುವುದು ನಿಂತರೆ ಸಾಕು. ಬಡಿಯುವುದು ನಿಲ್ಲಿಸಿದ ತಿಂಗಳಲ್ಲೇ ಪಂಚೆ ಮೇಲಿನ ತುಂಡುಗಳು ಅರ್ಧ ಆದವು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಹಾಗಾಗಿ ಇದನ್ನು ಯಾರೂ ಜಾಹೀರಾತು ಮಾಡುವುದೂ ಇಲ್ಲ.

ಕ್ರೀಮ್ ಬಗ್ಗೆ ನನಗೆ ಎರಡು ಮನಸ್ಸು. 200 ಎಂಎಲ್‌ಗೆ 550 ರೂಪಾಯಿ ಕೊಟ್ಟೆ. ಒಳ್ಳೆಯದು ಮೊದಲು. ಗುಂಗುರು ಕೂದಲು ಒಣಗುವುದು ಯಾಕೆಂದರೆ ನೆತ್ತಿಯ ಜಿಡ್ಡು ಸುರುಳಿ ಸುರುಳಿ ದಾರಿಯಲ್ಲಿ ತುದಿ ತನಕ ಇಳಿಯುವುದೇ ಇಲ್ಲ. ಎಣ್ಣೆ ಹಚ್ಚಿದರೆ ತೇವ ಬಂತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ನಾನೂ ಅಂದುಕೊಂಡಿದ್ದೆ. ತೇವ ಅಂದರೆ ನೀರು. ಎಣ್ಣೆ, ಕ್ರೀಮ್ ಎಲ್ಲ ಆ ನೀರು ಆರದ ಹಾಗೆ ಮುಚ್ಚುವ ಮುಚ್ಚಳ. ಅದಕ್ಕೇ ಕ್ರೀಮನ್ನು ಇನ್ನೂ ಹಸಿ ಇರುವಾಗಲೇ ಹಚ್ಚಬೇಕು. ಕಡಲೆಕಾಳಿನಷ್ಟು ಅಂಗೈಯಲ್ಲಿ ನೀರಿನ ಜೊತೆ ಕಲಸಿ, ಕಿವಿಯಿಂದ ಕೆಳಗೆ ಮಾತ್ರ. ಹಾಗೆ ಹಚ್ಚಿದ ದಿನ ಸುರುಳಿ ಬಿಡಿಬಿಡಿಯಾಗಿ ಮೂರು ದಿನ ನಿಲ್ಲುತ್ತದೆ, ಸಿಕ್ಕಾಗುವುದಿಲ್ಲ, ಮುಟ್ಟುವ ಅಗತ್ಯವೇ ಇಲ್ಲ.

ಕೆಟ್ಟದ್ದೂ ಇದೆ. ಇದರಲ್ಲಿ ಗ್ಲಿಸರಿನ್ ಜಾಸ್ತಿ. ಜುಲೈ, ಆಗಸ್ಟ್ ಮೋಡದ ದಿನಗಳಲ್ಲಿ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ತಲೆ ಹೂಕೋಸಿನ ಥರ ಉಬ್ಬಿಕೊಳ್ಳುತ್ತದೆ. ಮಾರ್ಚ್‌ನ ಒಣ ಬಿಸಿಲಿಗೆ ಅಂಟಂಟು. ಬಾಟಲಿಯ ಪಂಪ್ ಎರಡನೇ ತಿಂಗಳಿಗೇ ಮುರಿಯಿತು, ಕಂಪನಿಗೆ ಬರೆದರೆ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಉತ್ತರ ಬಂತು. ಮುರಿದದ್ದು ಪಂಪ್ ಸ್ವಾಮಿ, ಅಭಿಪ್ರಾಯ ಅಲ್ಲ. ಕ್ರೀಮ್ ಖಾಲಿಯಾದ ತಿಂಗಳು ಅಗಸೆ ಬೀಜ ಕುದಿಸಿ ಸೋಸಿ ಆ ಲೋಳೆ ಹಚ್ಚಿಕೊಂಡೆ. ಮುಕ್ಕಾಲು ಪಾಲು ಅದೇ ಕೆಲಸ ಮಾಡಿತು. ಒಂದು ವಾರಕ್ಕಿಂತ ಜಾಸ್ತಿ ಫ್ರಿಜ್‌ನಲ್ಲಿ ಇಡಬೇಡಿ, ಹಳಸುತ್ತದೆ. ದಾಸವಾಳದ ಎಲೆ ಕಿವುಚಿದ ಲೋಳೆಯೂ ಇಂಥದ್ದೇ, ಆದರೆ ಸೋಸುವಾಗ ಎಲೆ ಚೂರು ಉಳಿದರೆ ಸಂಜೆ ತನಕ ತಲೆಯಿಂದ ಹೆಕ್ಕುತ್ತಿರಬೇಕು. ಹಾಗಾಗಿ ಕ್ರೀಮ್ ಇನ್ನೊಮ್ಮೆ ಕೊಳ್ಳುವುದಿಲ್ಲ.

ನೀರಿನ ಬಗ್ಗೆ ಒಂದು ಮಾತು, ಯಾವ ಕ್ರೀಮಿನ ಡಬ್ಬಿಯ ಮೇಲೂ ಬರೆಯದ ಮಾತು. ನಮ್ಮ ಬಿಲ್ಡಿಂಗ್‌ನಲ್ಲಿ ಸ್ನಾನಕ್ಕೆ ಬೋರ್‌ವೆಲ್ ನೀರು. ಬಕೆಟ್ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೂ ಕೂರುತ್ತದೆ, ಕೂದಲು ಒರಟಾಗಿ ಒಂದಕ್ಕೊಂದು ತೆಕ್ಕೆ ಹಾಕಿಕೊಳ್ಳುತ್ತದೆ. ನಲ್ಲಿಯಲ್ಲಿ ಕಾವೇರಿ ನೀರು ಬರುವ ದಿನವೇ ತಲೆ ಸ್ನಾನ ಇಟ್ಟುಕೊಂಡಿದ್ದೇನೆ. ಆಗದಿದ್ದರೆ ಕೊನೆಯ ಎರಡು ಚೊಂಬಾದರೂ ಆ ನೀರು. ಕುಡಿಯುವ ನೀರು ತಲೆಗೆ ಸುರಿಯುತ್ತಾಳೆ ಅಂತ ಅಮ್ಮನ ಗೊಣಗಾಟ ನಡೆದೇ ಇದೆ.

ಇನ್ನು ಜಡೆ. ಈಗ ನನ್ನದು ಸಡಿಲವಾದ ಒಂದು ಜಡೆ, ತುದಿಯನ್ನು ಒಳಕ್ಕೆ ಮಡಚಿ ಬಟ್ಟೆಯ ಬ್ಯಾಂಡ್. ಇಲ್ಲವೇ ಕುತ್ತಿಗೆ ಹತ್ತಿರ ತಗ್ಗಿನ ತುರುಬು. ಒಮ್ಮೆ ಹಾಕಿದರೆ ಮೂರು ದಿನ ಬಿಚ್ಚುವುದಿಲ್ಲ, ಬೆಳಗ್ಗೆ ಒದ್ದೆ ಕೈಯಿಂದ ಮೇಲೆ ಮೇಲೆ ಸವರಿದರೆ ಆಯಿತು. ಮಂಡ್ಯ ರೈಲಿನಲ್ಲಿ ಬಾಗಿಲ ಹತ್ತಿರ ನಿಂತರೂ ಗಾಳಿಗೆ ತುದಿ ಸಿಗುವುದಿಲ್ಲ. ಆಫೀಸಿನಲ್ಲಿ "ಏನು ದಿನಾ ಒಂದೇ ಜಡೆ?" ಅಂತ ಕೇಳಿದವರಿದ್ದಾರೆ. ಬಿಗಿಯಾಗಿ ಮಾತ್ರ ಹೆಣೆಯಬೇಡಿ. ಸ್ಕೂಲಿನಲ್ಲಿ ಹತ್ತು ವರ್ಷ ಎರಡು ಜಡೆ ಬಿಗಿದು ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟಿಸಿಕೊಂಡ ನಮ್ಮಲ್ಲಿ ಎಷ್ಟು ಜನರಿಗೆ ಹಣೆಯ ಎರಡು ಪಕ್ಕ ಕೂದಲು ತೆಳ್ಳಗಿದೆ, ಕನ್ನಡಿಯಲ್ಲಿ ನೋಡಿಕೊಳ್ಳಿ. ವರ್ಷಗಟ್ಟಲೆ ಹಾಗೆ ಎಳೆದರೆ ಬುಡವೇ ಸೋತು ಆಮೇಲೆ ಕೂದಲು ಬರುವುದೇ ನಿಂತುಬಿಡಬಹುದು.

ಮೇ ತಿಂಗಳಲ್ಲಿ ಚಿಕ್ಕಮ್ಮನ ಮಗಳ ಮದುವೆ, ಆ ಒಂದು ದಿನ ನನ್ನ ನಾಲ್ಕು ತಿಂಗಳ ಶ್ರಮಕ್ಕೆ ಕಲ್ಲು ಬಿತ್ತು. ಎಲ್ಲರಿಗೂ ಮೊಗ್ಗಿನ ಜಡೆ. ಮಲ್ಲಿಗೆ ಮೊಗ್ಗು ಪೋಣಿಸಿ ಹೊಲಿಯುವ ಅಜ್ಜಿಯೊಬ್ಬರು ಇದ್ದರು, ಅವರ ಕೈ ಎಷ್ಟು ಹಗುರ ಅಂದರೆ ಕೂತಲ್ಲೇ ನಿದ್ದೆ ಬರುತ್ತಿತ್ತು. ಆದರೆ ಅವರ ಕೈಗೆ ಸಿಗುವ ಮುಂಚೆ ಮದುವೆ ಮನೆಗೆ ಬಂದಿದ್ದ ಮೇಕಪ್ ಹುಡುಗಿ ನೆತ್ತಿ ಎತ್ತರ ಕಾಣಲಿ ಅಂತ ಕೂದಲನ್ನು ತುದಿಯಿಂದ ಬುಡಕ್ಕೆ ಹಿಂದುಮುಂದಾಗಿ ಬಾಚಿ ಬಾಚಿ, ಸ್ಪ್ರೇ ಹೊಡೆದು, ನಲವತ್ತು ಪಿನ್ನು ಚುಚ್ಚಿಬಿಟ್ಟಳು. ನಲವತ್ತು ಅಂತ ಗೊತ್ತು, ರಾತ್ರಿ ತೆಗೆದಾಗ ಎಣಿಸಿದೆ. ಕೂದಲಿನ ಮೇಲ್ಪದರ ಹೆಂಚು ಹೊದಿಸಿದ ಹಾಗೆ ಬುಡದಿಂದ ತುದಿಗೆ ಮುಖ ಮಾಡಿರುತ್ತದೆ. ಉಲ್ಟಾ ಬಾಚಿದರೆ ಹೆಂಚು ಕೀಳುತ್ತದೆ. ರಾತ್ರಿ ಹನ್ನೊಂದಕ್ಕೆ ಛತ್ರದ ಬಚ್ಚಲಲ್ಲಿ ಕೊಬ್ಬರಿ ಎಣ್ಣೆ, ಅರ್ಧ ಬಾಟಲಿ ಕಂಡೀಷನರ್, ಎರಡು ಗಂಟೆ. ಅಕ್ಕ ಒಂದು ಕಡೆ, ನಾನು ಒಂದು ಕಡೆ ಬೆರಳಲ್ಲೇ ಬಿಡಿಸಿದೆವು. ಜೂನ್‌ನಲ್ಲಿ ಕತ್ತರಿಸಿದ ಆ ಒಂದು ಇಂಚು ಇದರ ಬಾಬ್ತು.

ಕೊನೆಯದು ದಿಂಬಿನ ಕವರ್. ಹತ್ತಿ ಬಟ್ಟೆ ತೇವ ಹೀರುತ್ತದೆ, ರಾತ್ರಿಯಿಡೀ ಹೊರಳುವಾಗ ಕೂದಲಿಗೆ ತಿಕ್ಕುತ್ತದೆ. ರೇಷ್ಮೆ ಒಳ್ಳೆಯದು ಅಂತ ಓದಿ, ಅಮ್ಮನ ಹಳೇ ಮೈಸೂರು ಸಿಲ್ಕ್ ಸೀರೆ ಒಂದನ್ನು ಕತ್ತರಿಸೋಣವಾ ಅಂದೆ. ಅಮ್ಮ ಎರಡು ದಿನ ಮಾತು ಬಿಟ್ಟರು. ಹಾಗಾಗಿ ರೇಷ್ಮೆ ಊರಿನಲ್ಲಿ ಕೂತು ಪಾಲಿಯೆಸ್ಟರ್ ಸ್ಯಾಟಿನ್ ಹೊಗಳಬೇಕಾಗಿ ಬಂದಿದೆ. ಮೀಟರಿಗೆ 90 ರೂಪಾಯಿಯ ಲೈನಿಂಗ್ ಬಟ್ಟೆ, ಒಂದೂವರೆ ಮೀಟರ್ ತಂದೆ. ಬೆಳಗ್ಗೆ ಎದ್ದಾಗ ಕುತ್ತಿಗೆ ಹಿಂದಿನ ಗಂಟು ನಿಜವಾಗಲೂ ಕಡಿಮೆಯಾಗಿದೆ. ತೊಂದರೆ ಅಂದರೆ ಬೇಸಿಗೆಯಲ್ಲಿ ಬೆವರು, ಮತ್ತೆ ದಿಂಬು ಜಾರಿ ಜಾರಿ ರಾತ್ರಿ ಎರಡು ಸಲ ನೆಲಕ್ಕೆ ಬೀಳುತ್ತದೆ. ಹೊಲಿಸುವಾಗ ಒಂದು ಕಡೆಗೆ ಮಾತ್ರ ಸ್ಯಾಟಿನ್, ಕೆಳಗಿನ ಕಡೆ ಕಾಟನ್ ಹಾಕಿಸಿ. ಎರಡನೇ ಕವರ್ ನಾನು ಹಾಗೇ ಮಾಡಿಸಿದೆ. ಜಿಪ್ ಬೇಡ, ಕೂದಲು ಸಿಕ್ಕಿಕೊಳ್ಳುತ್ತದೆ, ಮಡಿಕೆ ಬಾಯಿ ಸಾಕು. ನಂಜುಮಳಿಗೆ ಹತ್ತಿರದ ನಮ್ಮ ಟೈಲರ್ ಒಂದಕ್ಕೆ 40 ರೂಪಾಯಿ ತೆಗೆದುಕೊಂಡರು.

ಉಳಿದ ತುಂಡಿನಲ್ಲಿ ಅಜ್ಜಿಗೆ ರಾತ್ರಿ ತಲೆಗೆ ಕಟ್ಟಿಕೊಳ್ಳಲು ಟೋಪಿ ಥರ ಹೊಲಿಸಿ ಕೊಟ್ಟಿದ್ದೆ. ಮೊನ್ನೆ ಮದ್ದೂರಿಗೆ ಹೋದಾಗ ನೋಡಿದರೆ ಬಾಯಿಗೆ ಲಾಡಿ ಪೋಣಿಸಿ ಎಲೆ ಅಡಿಕೆ ಚೀಲ ಮಾಡಿಕೊಂಡಿದ್ದಾರೆ. ನುಣ್ಣಗಿದೆಯಂತೆ, ಸುಣ್ಣದ ಡಬ್ಬಿ ಸಲೀಸಾಗಿ ಕೈಗೆ ಬರುತ್ತದಂತೆ.